ವ್ಯೋಮನೌಕೆಗೆ ಹೆಸರಿಟ್ಟ ಅಭಿಮಾನಿಗಳು

ಕಲೆಯ ಅಭಿಮಾನವೆಂದರೇನೆಂದು ಗುಬ್ಬಿಯವರಿಗೆ ಹೇಳಿಕೊಡಬೇಕಾಗಿಲ್ಲ. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ದಶಕಗಳ ಕಾಲ ಬೆಳೆಸಿದವರು ಪ್ರೇಕ್ಷಕರೇ. ಆದರೆ ಟಿ.ವಿ. ಧಾರಾವಾಹಿಯೊಂದರ ಅಭಿಮಾನಿಗಳು ವ್ಯೋಮನೌಕೆಯೊಂದಕ್ಕೆ ಹೆಸರಿಡಿಸಿದ ಸಂಗತಿ ನಿಮಗೆ ಗೊತ್ತೆ?

1980ರ ದಶಕದಲ್ಲಿ ನಮ್ಮ ದೂರದರ್ಶನದಲ್ಲೂ ಬಂದಿದ್ದ 'ಸ್ಟಾರ್ ಟ್ರೆಕ್' ಆ ಧಾರಾವಾಹಿ. ಅಮೆರಿಕದ ಎನ್‌ಬಿಸಿ ಅದನ್ನು 1966ರ ಸೆಪ್ಟೆಂಬರ್ 8ರಂದು ಆರಂಭಿಸಿತು. ನೋಡುಗರು ಸಾಲದೆಂದು ಎರಡನೆಯ ವರ್ಷವೇ ನಿಲ್ಲಿಸುವ ಮಾತು ಕೇಳಿಬಂತು. ಆಗ ಬೀಜೊ ಮತ್ತು ಜಾನ್ ಟ್ರಿಂಬಲ್ ದಂಪತಿಗಳು ಪತ್ರ ಚಳವಳಿ ಹೂಡಿದರು. ಪತ್ರಗಳ ರಾಶಿ ಕಂಡು, ಧಾರಾವಾಹಿ ಮುಂದುವರಿಯುವುದೆಂದು 1968ರ ಮಾರ್ಚ್‌ನಲ್ಲಿ ಎನ್‌ಬಿಸಿ ಪ್ರಕಟಿಸಿತು. ಆದರೂ 79 ಕಂತುಗಳ ನಂತರ, 1969ರಲ್ಲಿ ಅದು ನಿಂತಿತು.

ಅಭಿಮಾನಿಗಳು ಮಾತ್ರ ಚದುರಲಿಲ್ಲ. ಮರುಪ್ರಸಾರದಿಂದ ಅವರ ಸಂಖ್ಯೆ ಹೆಚ್ಚಿತು. 1972ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಸಮಾವೇಶಕ್ಕೆ ಕೆಲವು ನೂರು ಜನ ಬರಬಹುದೆಂದಿದ್ದರೆ, ಬಂದವರು 3,000ಕ್ಕೂ ಹೆಚ್ಚು. ಲೇಖಕ ಐಸಾಕ್ ಅಸಿಮೋವ್ ಬಂದಿದ್ದರು. ನಾಸಾ ಪ್ರದರ್ಶನ ವಸ್ತುಗಳನ್ನು ಕಳುಹಿಸಿತ್ತು.

1976ರಲ್ಲಿ ಮೊದಲ ಸ್ಪೇಸ್ ಷಟಲ್‌ಗೆ 'ಕಾನ್‌ಸ್ಟಿಟ್ಯೂಷನ್' ಎಂದು ಹೆಸರಿಡುವುದಿತ್ತು. ಧಾರಾವಾಹಿಯ ನೌಕೆ 'ಎಂಟರ್‌ಪ್ರೈಸ್'ನ ಹೆಸರನ್ನೇ ಇಡಬೇಕೆಂದು ಅಭಿಮಾನಿಗಳು ಮತ್ತೆ ಪತ್ರ ಬರೆದರು. ಅಧ್ಯಕ್ಷ ಫೋರ್ಡ್ ಒಪ್ಪಿದರು. ವಿಪರ್ಯಾಸವೆಂದರೆ ಎಂಟರ್‌ಪ್ರೈಸ್ ಬಾಹ್ಯಾಕಾಶಕ್ಕೆ ಹೋಗಲೇ ಇಲ್ಲ! ಅದರಲ್ಲಿ ಎಂಜಿನ್ ಇರಲಿಲ್ಲ. 1977ರಲ್ಲಿ ಬೋಯಿಂಗ್ 747 ವಿಮಾನದ ಬೆನ್ನ ಮೇಲಿಂದ ಬಿಟ್ಟು, ಷಟಲ್ ತೇಲಿಕೊಂಡು ಇಳಿಯಬಲ್ಲದೆ ಎಂದು ಪರೀಕ್ಷಿಸಲಾಯಿತು.

ಅದೇ ವರ್ಷ ಧಾರಾವಾಹಿಯ ಕರಿಯ ನಟಿ ನಿಚೆಲ್ ನಿಕೋಲ್ಸ್, ಮಹಿಳೆಯರೂ ಕರಿಯರೂ ಗಗನಯಾತ್ರಿಗಳಾಗಲು ಅರ್ಜಿ ಹಾಕಬೇಕೆಂದು ನಾಸಾ ಪರವಾಗಿ ಪ್ರಚಾರ ಮಾಡಿದರು. 1978ರಲ್ಲಿ ಆಯ್ಕೆಯಾದ 35 ಮಂದಿಯಲ್ಲಿ ಆರು ಮಹಿಳೆಯರೂ ಮೂವರು ಕರಿಯರೂ ಇದ್ದರು. ಅಲ್ಲಿಯವರೆಗೆ ನಾಸಾದ ಯಾವ ತಂಡದಲ್ಲೂ ಮಹಿಳೆಯರಿರಲಿಲ್ಲ ಎಂಬುದು ಗಮನಾರ್ಹ.

ತುಮಕೂರು, ಗುಬ್ಬಿ, ಕುಣಿಗಲ್ ಶಾಲೆಗಳ ವಿಜ್ಞಾನ ಸಂಘಗಳೂ ಇಂಥ ಕಥೆಗಳನ್ನು ನೋಡಿ ಚರ್ಚಿಸಬಹುದು. ಅಭಿಮಾನದ ಜೊತೆಗೆ ಪ್ರಶ್ನೆಯೂ ಇರಲಿ. ಧಾರಾವಾಹಿಯ ನೌಕೆ ಬೆಳಕನ್ನೂ ಹಿಂದೆ ಹಾಕುತ್ತದೆ. ಆದರೆ ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರ 4.2 ಜ್ಯೋತಿರ್ವರ್ಷ ದೂರದಲ್ಲಿದೆ. ಸೆಕೆಂಡಿಗೆ 17 ಕಿ.ಮೀ. ಸಾಗುವ ವಾಯೇಜರ್-1ರ ವೇಗದಲ್ಲಿ ಹೊರಟರೆ ಅಲ್ಲಿಗೆ ತಲುಪಲು ಎಷ್ಟು ವರ್ಷ ಬೇಕು? ಲೆಕ್ಕ ಮಾಡಿಸಿ ನೋಡಿ. ಉತ್ತರ ಸುಮಾರು 74,000 ವರ್ಷ!