ಪಂಪು ಬಾವಿಗೇಕೆ ಇಳಿಯಿತು?

ನಮ್ಮ ಕೊಕಟನೂರ ಸೀಮೆಯಲ್ಲಿ ಬಾವಿಯ ನೀರು ಆಳಕ್ಕಿಳಿದಾಗ ರೈತರು ಪಂಪನ್ನೂ ಬಾವಿಯೊಳಗೆ ಇಳಿಸುತ್ತಿದ್ದುದು ನಿಮಗೆ ನೆನಪಿರಬಹುದು. “ಮೇಲಿನಿಂದಲೇ ಏಕೆ ಎಳೆಯಲಾಗದು ಸರ್?” ಎಂದು ತರಗತಿಯಲ್ಲಿ ಒಬ್ಬ ಹುಡುಗ ಕೇಳಿದನು. “ಪಂಪಿಗೆ ಶಕ್ತಿ ಸಾಲದು” ಎಂದುಬಿಟ್ಟೆ. ಅದು ತಪ್ಪು ಉತ್ತರ.

ಪಂಪು ನೀರನ್ನು ಎಳೆಯುವುದಿಲ್ಲ. ಕೊಳವೆಯೊಳಗಿನ ಒತ್ತಡವನ್ನು ಕುಗ್ಗಿಸುತ್ತದೆ. ಆಗ ಹೊರಗಿನ ಗಾಳಿಯ ಒತ್ತಡವೇ ನೀರನ್ನು ಮೇಲಕ್ಕೆ ತಳ್ಳುತ್ತದೆ. ಆ ಒತ್ತಡಕ್ಕೆ ಸುಮಾರು 10 ಮೀಟರಿಗಿಂತ ಎತ್ತರಕ್ಕೆ ನೀರನ್ನು ಏರಿಸಲಾಗದು.

ಇಟಲಿಯ ಗೆಲಿಲಿಯೋ ಈ ಮಿತಿಯನ್ನು 1638ರಲ್ಲಿ ಬರೆದಿದ್ದನು; ಆದರೆ ನೀರಿನ ಕಂಬವು ತನ್ನ ಭಾರಕ್ಕೆ ತಾನೇ ತುಂಡಾಗುತ್ತದೆಂದು ತಿಳಿದಿದ್ದನು. ಅವನ ಶಿಷ್ಯ ಟೊರಿಸೆಲ್ಲಿ 1644ರಲ್ಲಿ, ಸುಮಾರು 76 ಸೆಂ.ಮೀ. ಪಾದರಸದ ಕಂಬವನ್ನು ತೋರಿಸಿ, ಗಾಳಿಯ ಭಾರವೇ ಕಾರಣವೆಂದು ವಿವರಿಸಿದನು.

ಗುರುವಿನ ತಪ್ಪನ್ನು ಶಿಷ್ಯನು ತಿದ್ದಿದ ಈ ಕಥೆಯನ್ನು ಮರುದಿನವೇ ತರಗತಿಯಲ್ಲಿ ಹೇಳಿ, ನನ್ನ ತಪ್ಪನ್ನೂ ಒಪ್ಪಿಕೊಂಡೆ.