ಯಾರದೋ ಕಂಪ್ಯೂಟರು, ನಮ್ಮ ಫೈಲು

ಮಂಗಳೂರು ಬಳಿಯ ಕಾಟಿಪಳ್ಳದ ಜೆರಾಕ್ಸ್ ಅಂಗಡಿಯೊಂದರ ಮೇಜಿನ ಡ್ರಾಯರಿನಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ಕಿದೆ. ಸಾಲಿಗೊಬ್ಬ ಗಿರಾಕಿ: ಹೆಸರು, ಜಿಮೇಲ್ ಐಡಿ, ಪಾಸ್‌ವರ್ಡ್. ಪಾಸ್‌ಪೋರ್ಟಿಗೋ ಸ್ಕಾಲರ್‌ಶಿಪ್ಪಿಗೋ ಅರ್ಜಿ ಹಾಕಲು ಬಂದವರಿಗೆ ಅಂಗಡಿಯವರೇ ಐಡಿ ಮಾಡಿಕೊಟ್ಟು ಬರೆದಿಟ್ಟದ್ದು. ಹೀಗೆ ಬರೆದಿಡುವುದು ಅಪಾಯವಲ್ಲವೇ ಎಂದು ಕೇಳಿದೆ. ‘ಅವರಿಗೆ ಮರೆತುಹೋಗ್ತದೆ ಮಾರಾಯ್ರೆ, ಆಮೇಲೆ ನನ್ನ ಹತ್ರವೇ ಬರ್ತಾರಲ್ಲ’ ಎಂದರು. ಕ್ಲೌಡ್ ಕಂಪ್ಯೂಟಿಂಗ್ ಜನಸಾಮಾನ್ಯರ ಹತ್ತಿರ ಬಂದ ದಾರಿಯನ್ನು ಹುಡುಕುವವರು ಇಂಥ ನೋಟ್‌ಬುಕ್ಕುಗಳನ್ನೂ ತೆರೆದು ನೋಡಬೇಕು.

ಲೆಕ್ಕ ಮಾಡುವ ಯಂತ್ರ ಎಲ್ಲೋ ಇರಲಿ, ಅದರ ಕೆಲಸ ಮಾತ್ರ ವಿದ್ಯುತ್ತಿನ ಹಾಗೆ ಮನೆಗೆ ಬರಲಿ ಎಂಬ ಕಲ್ಪನೆ ಹಳೆಯದು. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಜಾನ್ ಮೆಕಾರ್ಥಿ 1961ರಲ್ಲೇ ಅದನ್ನು ಹೇಳಿದ್ದರು. ಆದರೆ ಮನೆಮನೆಗೆ ಪರ್ಸನಲ್ ಕಂಪ್ಯೂಟರ್ ಬಂದಾಗ ಗಾಳಿ ಬೇರೆ ಕಡೆ ಬೀಸಿತು. ತಂತ್ರಾಂಶ, ಫೈಲು ಎಲ್ಲವೂ ನಮ್ಮದೇ ಡಬ್ಬಿಯೊಳಗೆ ಸೇರಿಕೊಂಡವು. ಹಳೆಯ ಕಲ್ಪನೆಯನ್ನು ಹಿಂದಕ್ಕೆ ಕರೆತಂದದ್ದು ಇಮೇಲ್. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಮತ್ತು ಅವರ ಗೆಳೆಯ ಜ್ಯಾಕ್ ಸ್ಮಿತ್ 1996ರ ಜುಲೈ 4ರಂದು ಹಾಟ್‌ಮೇಲ್ ಶುರುಮಾಡಿದರು. ಅದರಲ್ಲಿ ಪತ್ರ ನಮ್ಮ ಕಂಪ್ಯೂಟರಿನಲ್ಲಿರುವುದಿಲ್ಲ, ಯಾವ ಕಂಪ್ಯೂಟರಿನ ಬ್ರೌಸರ್ ತೆರೆದರೂ ಸಿಗುತ್ತದೆ.

ಸ್ವಂತ ಕಂಪ್ಯೂಟರ್ ಇಲ್ಲದ ಊರಿಗೆ ಇದು ದೊಡ್ಡ ಸಂಗತಿ. ಪಣಂಬೂರಿನ ಬಂದರಿಗೆ ನೆಲ ಬಿಟ್ಟುಕೊಟ್ಟ ಕುಟುಂಬಗಳು ಬಂದು ನೆಲೆಸಿದ ಊರು ಕಾಟಿಪಳ್ಳ. ಇಲ್ಲಿ ಗಲ್ಫಿನಲ್ಲಿ ದುಡಿಯುವವರಿರುವ ಮನೆಗಳಿಗೆ ಬರವಿಲ್ಲ. ಸೈಬರ್ ಸೆಂಟರಿನಲ್ಲಿ ಅಣ್ಣನ ಮೇಲ್ ಪ್ರಿಂಟ್ ತೆಗೆದು ಮನೆಗೆ ಒಯ್ದು ಅಮ್ಮನಿಗೆ ಓದಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಕನ್ನಡವೇ, ಆದರೆ ಇಂಗ್ಲಿಷ್ ಅಕ್ಷರದಲ್ಲಿ. ಓದುವಾಗ ತಡವರಿಸಿದರೆ ಅಮ್ಮ ‘ಅವನು ಹಾಗೆ ಬರೆದಿರಲಿಕ್ಕಿಲ್ಲ’ ಎನ್ನುತ್ತಿದ್ದರು. ಗಂಟೆಗಿಷ್ಟು ಎಂದು ಕೊಟ್ಟು ಕೂತ ಆ ಎರವಲು ಕಂಪ್ಯೂಟರೇ ನಮ್ಮ ಮೊದಲ ಕ್ಲೌಡ್.

ಯಂತ್ರ ಹಂಚಿಕೊಂಡರೂ ಮಾಹಿತಿ ನಮ್ಮದಾಗಿಯೇ ಉಳಿಯಬೇಕು ಎಂಬುದನ್ನು ಗಂಭೀರವಾಗಿ ತೆಗೆದುಕೊಂಡ ಒಂದು ಪ್ರಯೋಗ ಕರ್ನಾಟಕದಲ್ಲೇ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಬೆಂಗಳೂರಿನ ಎನ್‌ಕೋರ್ ಕಂಪನಿಯವರೊಂದಿಗೆ ಸೇರಿ ರೂಪಿಸಿದ ಸಿಂಪ್ಯೂಟರ್ 2001ರಲ್ಲಿ ಹೊರಬಂತು. ಅಂಗೈಯಗಲದ ಯಂತ್ರ, ಒಳಗೆ ಲಿನಕ್ಸ್. ಹಳ್ಳಿಗೊಂದು ಇದ್ದರೆ ಸಾಕು. ಪ್ರತಿಯೊಬ್ಬರ ಹತ್ತಿರ ಒಂದೊಂದು ಸ್ಮಾರ್ಟ್‌ಕಾರ್ಡ್. ಕಾರ್ಡ್ ತೂರಿಸಿದರೆ ಅದು ನಿಮ್ಮ ಯಂತ್ರ, ತೆಗೆದರೆ ಮುಂದಿನವರದು. ಅದಕ್ಕಾಗಿಯೇ ಐಎಂಎಲ್ ಎಂಬ ಗುರುತುಭಾಷೆಯನ್ನೂ ಅದನ್ನು ತೋರಿಸುವ ಬ್ರೌಸರನ್ನೂ ಕಟ್ಟಿದ್ದರು. ಓದಲು ಬಾರದವರಿಗೆ ಕನ್ನಡದಲ್ಲೇ ಓದಿ ಹೇಳಿಸುವ ಯತ್ನವೂ ಇತ್ತು. 2004ರಲ್ಲಿ ಬಿಇಎಲ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಾಗ ಬೆಲೆ ಹತ್ತು ಸಾವಿರದ ಆಸುಪಾಸು. ಮಾರಾಟ ಕುದುರಲಿಲ್ಲ. ಅದನ್ನು ಸೋತ ಯಂತ್ರ ಎಂದು ತಳ್ಳಿಬಿಡಲು ನನಗೆ ಮನಸ್ಸಾಗುವುದಿಲ್ಲ. ಲಾಗಿನ್ ಆದರೆ ನಿಮ್ಮದು, ಲಾಗೌಟ್ ಆದರೆ ಇನ್ನೊಬ್ಬರದು ಎಂದು ಗೂಗಲ್‌ನ ಕ್ರೋಮ್‌ಬುಕ್ ಮುಂದೆ ಹೇಳಿದ್ದನ್ನು ಬೆಂಗಳೂರು ಹತ್ತು ವರ್ಷ ಮೊದಲೇ ಯೋಚಿಸಿತ್ತು. ಆಗ ಇಲ್ಲದೇ ಇದ್ದದ್ದು ಅಗ್ಗದ ಇಂಟರ್ನೆಟ್.

ಆಮೇಲಿನ ಬೆಳವಣಿಗೆ ಬಲು ಬಿರುಸು. 2004ರಲ್ಲಿ 1 ಜಿಬಿ ಜಾಗ ಕೊಟ್ಟ ಜಿಮೇಲ್, 2005ರಲ್ಲಿ ಜೋಹೋ ರೈಟರ್, 2006ರಲ್ಲಿ ಗೂಗಲ್ ಡಾಕ್ಸ್. ಅದೇ ವರ್ಷ ಅಮೆಜಾನ್ ತನ್ನ ಸರ್ವರುಗಳನ್ನು ಬಾಡಿಗೆಗೆ ಕೊಡತೊಡಗಿತು. ಬ್ರೌಸರಿನೊಳಗೇ ಇಡೀ ಡೆಸ್ಕ್‌ಟಾಪ್ ತೋರಿಸುವ ಐಓಎಸ್ (eyeOS) 2005ರಲ್ಲಿ ಬಾರ್ಸಿಲೋನಾದಿಂದ ಬಂತು. ಬ್ರೌಸರನ್ನೇ ಆಪರೇಟಿಂಗ್ ಸಿಸ್ಟಂ ಮಾಡುತ್ತೇವೆಂದು ಗೂಗಲ್ 2009ರ ಜುಲೈಯಲ್ಲಿ ಸಾರಿತು, 2011ರ ಜೂನ್‌ನಲ್ಲಿ ಕ್ರೋಮ್‌ಬುಕ್ ಅಂಗಡಿಗೆ ಬಂತು. ಕೆಳಗೆ ಲಿನಕ್ಸ್, ಮೇಲೆ ಕ್ರೋಮ್. ಸ್ವಿಚ್ ಹಾಕಿದ ಕೆಲವೇ ಕ್ಷಣಗಳಲ್ಲಿ ಕೆಲಸಕ್ಕೆ ತಯಾರು.

ಆದರೆ ಫೈಲು ಮೋಡಕ್ಕೇರಿದಾಗ ಕನ್ನಡ ಎಡವಿತು. ನಮ್ಮ ಡಿಟಿಪಿ ಅಂಗಡಿಗಳ ಕನ್ನಡವೆಲ್ಲ ನುಡಿ, ಬರಹದ ಹಳೆಯ ಫಾಂಟುಗಳಲ್ಲಿತ್ತು. ಅಲ್ಲಿ ಕಂಪ್ಯೂಟರಿನ ಒಳಗಿರುವುದು ಇಂಗ್ಲಿಷ್ ಅಕ್ಷರಗಳದೇ ಸಂಕೇತ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕುತ್ತದೆ. ಆ ಫಾಂಟಿಲ್ಲದ ಬ್ರೌಸರಿನಲ್ಲಿ ತೆರೆದರೆ ವೇಷ ಕಳಚುತ್ತದೆ. ಸಂಘದ ವರದಿಯೊಂದನ್ನು ಹೀಗೆ ಡಾಕ್ಸ್‌ಗೆ ಏರಿಸಿ, ಕೊಂಬುಕೋಡು ಮೂಡಿದ ರೋಮನ್ ಅಕ್ಷರಗಳ ಹನ್ನೆರಡು ಪುಟ ನೋಡಿ ಕುಸಿದು ಕೂತಿದ್ದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಜಾಗವಿದೆ. ರೂಢಿಗೆ ಬರಲು ಮಾತ್ರ ಇಪ್ಪತ್ತು ವರ್ಷ ಹಿಡಿಯಿತು. ಒಂದು ಅದೃಷ್ಟವೆಂದರೆ, ನಮ್ಮ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿವಿನ್ಯಾಸ ಎರಡೂ ಕಾಲಕ್ಕೆ ಒದಗಿತು. ಬೆರಳು ಕಲಿತದ್ದನ್ನು ಮರೆಯಬೇಕಾಗಲಿಲ್ಲ. ಕನ್ನಡದ ಮಟ್ಟಿಗೆ ಕ್ಲೌಡಿನ ಅಡಿಪಾಯ ಯೂನಿಕೋಡ್, ಯಾವ ಕಂಪನಿಯ ಸರ್ವರೂ ಅಲ್ಲ.

ಹಾಗಾದರೆ ಬ್ರೌಸರ್ ಆಧಾರಿತ ಆಪರೇಟಿಂಗ್ ಸಿಸ್ಟಂ ನಮ್ಮ ಊರಿಗೆ ಬರಲೇ ಇಲ್ಲವೇ? ಬಂತು, ಅಂಗಿಯ ಜೇಬಿನಲ್ಲಿ. 2014ರ ಆಗಸ್ಟಿನಲ್ಲಿ ಇಂಟೆಕ್ಸ್ ಕಂಪನಿ 1,999 ರೂಪಾಯಿಗೆ ಮಾರಿದ ಕ್ಲೌಡ್ ಎಫ್‌ಎಕ್ಸ್ ಫೋನಿನಲ್ಲಿದ್ದದ್ದು ಫೈರ್‌ಫಾಕ್ಸ್ ಓಎಸ್. ಅದರ ಆ್ಯಪ್‌ಗಳೆಲ್ಲ ವೆಬ್‌ಪುಟಗಳೇ. ಅದು ಬಾಳಲಿಲ್ಲ. ಅದರ ಬೇರಿನಿಂದ ಚಿಗುರಿದ ಕಾಯ್‌ಓಎಸ್ ಮಾತ್ರ 2017ರಲ್ಲಿ 1,500 ರೂಪಾಯಿ ಠೇವಣಿಯ ಜಿಯೋಫೋನಿನೊಳಗೆ ಕೂತು ಮನೆಮನೆ ಹೊಕ್ಕಿತು. ಮೀನು ಮಾರುವವರು, ಬೀಡಿ ಕಟ್ಟುವವರು, ಆಟೊದವರು ಗುಂಡಿ ಒತ್ತುವ ಆ ಫೋನಿನಲ್ಲಿ ಯೂಟ್ಯೂಬ್ ನೋಡಿದಾಗ ಬಳಸಿದ್ದು ಬ್ರೌಸರಿನ ವಂಶದ ಆಪರೇಟಿಂಗ್ ಸಿಸ್ಟಮ್ಮನ್ನೇ. ಅದೇ ವರ್ಷ ಗೂಗಲ್‌ನ ಧ್ವನಿ ಟೈಪಿಂಗಿಗೆ ಕನ್ನಡ ಸೇರಿತು. ಮಾತಾಡಿದರೆ ಸಾಕು, ದೂರದ ಸರ್ವರಿನಲ್ಲಿ ಅದು ಅಕ್ಷರವಾಗಿ ಮರಳಿ ಬರುತ್ತದೆ. 2024ರಲ್ಲಿ ಗೂಗಲ್ ಅನುವಾದಕ್ಕೆ ತುಳು ಬಂತು. ಕಾಟಿಪಳ್ಳದ ಬೀದಿಯಲ್ಲಿ ದಿನವಿಡೀ ಕೇಳುವ ಬ್ಯಾರಿ ಆ ಪಟ್ಟಿಯಲ್ಲಿರಲಿಲ್ಲ, ಅದೂ ಬರಬೇಕು.

ಇತ್ತೀಚೆಗೆ ಈ ತಂತ್ರಜ್ಞಾನ ಹಳೆಯ ಯಂತ್ರಗಳ ಕೈಹಿಡಿದಿದೆ. 2022ರಲ್ಲಿ ಬಂದ ಕ್ರೋಮ್‌ಓಎಸ್ ಫ್ಲೆಕ್ಸನ್ನು ಪೆನ್‌ಡ್ರೈವಿನಿಂದ, ಮೂಲೆ ಸೇರಿದ್ದ ಲ್ಯಾಪ್‌ಟಾಪಿಗೆ ಹಾಕಿ ತಂಗಿಯ ಮಗಳಿಗೆ ಕೊಟ್ಟೆ. ಆಟಿ ತಿಂಗಳ ಮಳೆಗೆ ಕರೆಂಟೂ ಇಲ್ಲ, ಲೈನೂ ಇಲ್ಲ. ಮೊದಲೇ ಆಫ್‌ಲೈನ್ ಎಂದು ಗುರುತು ಹಾಕಿದ್ದ ಪಾಠಗಳಷ್ಟೇ ಬ್ಯಾಟರಿಯ ಬಲದಲ್ಲಿ ತೆರೆದವು. ನಮ್ಮ ಕರಾವಳಿಯಲ್ಲಿ ಕ್ಲೌಡ್ ಕಲಿಸುವವರು ಮೊದಲ ದಿನವೇ ಆ ಗುರುತು ಹಾಕುವುದನ್ನು ಹೇಳಿಕೊಡಬೇಕು. 2025ರಲ್ಲಂತೂ ಸೆಟ್‌ಟಾಪ್ ಬಾಕ್ಸಿಗೆ ಕೀಬೋರ್ಡ್ ಸಿಕ್ಕಿಸಿ ಟಿವಿಯನ್ನೇ ಕಂಪ್ಯೂಟರ್ ಮಾಡುವ ಜಿಯೋಪಿಸಿ ಬಂದಿದೆ.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಬೀಗದ ಕೈ. ಎರಡು ದಶಕದ ಫೋಟೊ, ಪತ್ರ, ಡಿಜಿಲಾಕರಿನ ಅಂಕಪಟ್ಟಿ ಎಲ್ಲವೂ ಒಂದು ಮೊಬೈಲ್ ನಂಬರಿಗೆ ಜೋತುಬಿದ್ದಿವೆ. ಗಲ್ಫಿಗೆ ಹೋದವರು ರೀಚಾರ್ಜ್ ಬಿಟ್ಟರೆ ನಂಬರ್ ಹೋಯಿತು. ಕೆಲವು ತಿಂಗಳಲ್ಲಿ ಅದು ಯಾರದೋ ಕೈಗೆ ಸಿಕ್ಕಿತು. ಪಾಸ್‌ವರ್ಡ್ ಗೊತ್ತಿದ್ದೂ ಓಟಿಪಿ ಸಿಗದೆ ತಮ್ಮದೇ ಖಾತೆಯ ಹೊರಗೆ ನಿಂತವರನ್ನು ಆ ಜೆರಾಕ್ಸ್ ಅಂಗಡಿಯಲ್ಲಿ ಕಂಡಿದ್ದೇನೆ.

ಕಳೆದ ವಾರ ಹೋದಾಗ ನೋಟ್‌ಬುಕ್ಕಿನಲ್ಲಿ ಸ್ಕೇಲಿಟ್ಟು ಗೆರೆ ಎಳೆದು ನಾಲ್ಕನೆಯ ಕಾಲಂ ಮಾಡಿದ್ದರು. ತಲೆಬರಹ, ‘ಓಟಿಪಿ ಯಾರಿಗೆ’. ಅದರ ಕೆಳಗಿನ ಮೊದಲ ಸಾಲು: ‘ಮಗ, ದಮ್ಮಾಮ್. ರಾತ್ರಿ ಎಂಟರ ಮೇಲೆ.’