ಹಳ್ಳೂರಿನ ಇದ್ದಿಲು ನುಡಿದ ಸಾಕ್ಷಿ

ಬ್ಯಾಡಗಿ ಎಂದರೆ ಮೆಣಸಿನಕಾಯಿ, ರಾಣೆಬೆನ್ನೂರು ಎಂದರೆ ಬಿತ್ತನೆ ಬೀಜ. ಅದೇ ಹಾವೇರಿ ಜಿಲ್ಲೆಯಲ್ಲಿ, ತುಂಗಭದ್ರೆಯ ದಂಡೆಯ ಮೇಲಿರುವ ಹಳ್ಳೂರನ್ನು ನೆನೆಯುವವರು ಕಡಿಮೆ. ದಕ್ಷಿಣ ಭಾರತದ ಕಬ್ಬಿಣದ ಚರಿತ್ರೆಯನ್ನೇ ತಿದ್ದಿದ ಊರು ಅದು.

1947ರಲ್ಲಿ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್, ಕಬ್ಬಿಣ ಬಳಸಿದ ಶಿಲಾಸಮಾಧಿಗಳ ಜನ ಇಲ್ಲಿಗೆ ಬಂದದ್ದು ಕ್ರಿ.ಪೂ. 200ರ ಸುಮಾರಿಗೆ ಎಂದಿದ್ದರು. 1965ರಲ್ಲಿ ಎಂ.ಎಸ್. ನಾಗರಾಜರಾವ್ ಹಳ್ಳೂರಿನಲ್ಲಿ ಉತ್ಖನನ ನಡೆಸಿದಾಗ ಕಬ್ಬಿಣದೊಂದಿಗೆ ಇದ್ದಿಲೂ ಸಿಕ್ಕಿತು. ಸತ್ತ ಮರದಲ್ಲಿರುವ ಕಾರ್ಬನ್-14 ಸುಮಾರು 5730 ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಉಳಿದದ್ದನ್ನು ಅಳೆದರೆ ಮರದ ಕಾಲ ತಿಳಿಯುತ್ತದೆ. ಆ ಇದ್ದಿಲು ತೋರಿಸಿದ್ದು ಕ್ರಿ.ಪೂ. 1000ದ ಆಸುಪಾಸನ್ನು. ಕಬ್ಬಿಣದ ಕಾಲ ಒಮ್ಮೆಲೇ 800 ವರ್ಷ ಹಿಂದೆ ಸರಿಯಿತು.

ಮಡಕೆಯ ಚೂರುಗಳು ಇನ್ನೊಂದು ಮಾತು ಹೇಳಿದವು. ಕೆಳಗಿನ ಪದರಗಳಲ್ಲಿ ನವಶಿಲಾಯುಗದ ಜನ ಕೈಯಿಂದ ಮಾಡಿದ ಬೂದುಬಣ್ಣದ ಮಡಕೆಗಳಿದ್ದವು. ಮೇಲಿನ ಪದರಗಳಲ್ಲಿ ಒಳಗೆ ಕಪ್ಪು, ಹೊರಗೆ ಕೆಂಪು ಬಣ್ಣದವು. ನಡುವಿನ ಪದರದಲ್ಲಿ ಎರಡೂ ಜೊತೆಯಾಗಿದ್ದವು, ಕಬ್ಬಿಣವೂ ಇತ್ತು. ಹೊಸಬರು ಬಂದು ಹಳಬರನ್ನು ಒಂದೇ ಏಟಿಗೆ ಅಳಿಸಿಹಾಕಿದರು ಎಂಬ ಕಥೆ ಇಲ್ಲಿ ನಿಲ್ಲುವುದಿಲ್ಲ. ಹಳೆಯ ಕುಸುರಿ, ಹೊಸ ಲೋಹ ಎರಡೂ ಒಂದೇ ಊರಿನಲ್ಲಿ ಬಾಳಿವೆ. ಅವರ ಭಾಷೆ ಯಾವುದು, ದೇವರು ಯಾರು ಎಂಬುದನ್ನು ಮಾತ್ರ ಮಡಕೆ ಹೇಳಲಾರದು; ಅದರ ಬಾಯಿಂದ ಹೇಳಿಸಲೂಬಾರದು.

ಪದರ ಕದಡಿದರೆ ಈ ಸಾಕ್ಷಿ ಸತ್ತಂತೆ. ಆದ್ದರಿಂದ ಹಳೆಯ ದಿಬ್ಬದ ಮಣ್ಣನ್ನು ಹೊಲಕ್ಕೆ ಹೇರುವ ಮುನ್ನ ಸ್ವಲ್ಪ ಯೋಚಿಸೋಣ.